ಹನ್ನೆರಡು ವೋಲ್ಟಿನ ಸಾಲು

ರಾಜೇಂದ್ರ ಆ ಹಳೇ ಕಂಪ್ಯೂಟರನ್ನು ಹೇಮಾವತಿಗೆ ಕೊಟ್ಟಿದ್ದು ಪ್ರೀತಿಯಿಂದೇನೂ ಅಲ್ಲ. ಹೊಸನಗರದಲ್ಲಿ ಅವನ ಸ್ಟುಡಿಯೋ ಶುರುವಾದ ಎರಡನೇ ವರ್ಷದಿಂದ, ಅಂದರೆ ಹದಿನಾಲ್ಕು ವರ್ಷ, ಅವಳು ಅಲ್ಲಿ ಮದುವೆ ವೀಡಿಯೊಗಳ ಮಿಕ್ಸಿಂಗ್ ಮಾಡಿದ್ದಳು. ಕ್ಯಾಮೆರಾದವರು ತಂದು ಸುರಿದ ಹತ್ತು ಗಂಟೆಯ ಚಿತ್ರವನ್ನು ಕತ್ತರಿಸಿ, ಜೋಡಿಸಿ, ಬಣ್ಣ ಸರಿಮಾಡಿ, ಹಾಡು ಕೂರಿಸಿ, ನೋಡುವವರು ಕಣ್ಣೊರೆಸಿಕೊಳ್ಳುವಂಥ ಎರಡು ಗಂಟೆ ಮಾಡಿಕೊಡುವುದು ಅವಳ ಕೆಲಸ. ಈ ಸಲ ಯುಗಾದಿ ಕಳೆದದ್ದೇ ರಾಜೇಂದ್ರ ಹೊಸ ಸಿಸ್ಟಂ ತರಿಸಿದ. ಅದರ ಹಿಂದೆಯೇ ಶಿವಮೊಗ್ಗದಿಂದ ಹೊಸ ಎಡಿಟರನ್ನೂ ಕರೆತಂದ.

"ಇನ್ನು ಎಲ್ಲಾ ಫೋರ್‌ಕೆ, ಹೇಮಕ್ಕ. ನಿಮ್ಮ ಕೈಲಾಗೋ ಕೆಲ್ಸ ಅಲ್ಲ ಇದು," ಅಂದ. "ನೀವು ಕೂತಿದ್ದ ಮೆಷಿನ್ನು ನೀವೇ ತಗೊಂಡ್ಹೋಗಿ. ಮನೇಲಿ ಧಾರಾವಾಹಿ ನೋಡಕ್ಕೆ ಆಗುತ್ತೆ."

ಅಲ್ಲಿದ್ದ ಇಬ್ಬರು ನಕ್ಕರು. ಹೇಮಾವತಿ ನಗಲಿಲ್ಲ, ಅಳಲೂ ಇಲ್ಲ. ಒಂದೊಂದೇ ವೈರು ಕಿತ್ತು ಸುತ್ತಿ ಚೀಲಕ್ಕೆ ಹಾಕಿದಳು. ಮಾನಿಟರಿಗೆ ಕೈ ಹಾಕಿದಾಗ ರಾಜೇಂದ್ರ, "ಅದಿರ್ಲಿ ಬಿಡಿ," ಅಂದ.

"ಕೊಟ್ಟ ಮೇಲೆ ಪೂರ್ತಿ ಕೊಡಿ. ಮಾನಿಟರ್ ಇಲ್ದೆ ಧಾರಾವಾಹಿ ಎಲ್ಲಿ ನೋಡ್ಲಿ?" ಅಂದಳು ಹೇಮಾವತಿ. ಅದನ್ನೂ ಆಟೋಗೆ ಹಾಕಿಸಿಕೊಂಡೇ ಮನೆಗೆ ಹೊರಟಳು.

ಮನೆಯಲ್ಲಿ ಇದ್ದವರು ಮೂವರು. ಗಂಡ ದುರ್ಗೇಶ್ ಸಾಗರ-ತೀರ್ಥಹಳ್ಳಿ ಖಾಸಗಿ ಬಸ್ಸಿನ ಕಂಡಕ್ಟರ್, ಬೆಳಿಗ್ಗೆ ಆರಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಮಾವ ಹೂವಪ್ಪ ಮೂವತ್ತೆರಡು ವರ್ಷ ನಗರ, ನಿಟ್ಟೂರು ಎಂಬ ಊರುಗಳ ಕಡೆ ಕಂಬ ಹತ್ತಿ ಲೈನ್‌ಮನ್ ಆಗಿ ನಿವೃತ್ತರಾದವರು. ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಸೊಸೆ ಕಂಪ್ಯೂಟರ್ ಹೊತ್ತು ತಂದದ್ದನ್ನು ನೋಡಿದವರು, "ಬಿಡಿಸ್ಬಿಟ್ನಾ?" ಎಂದಷ್ಟೇ ಕೇಳಿದರು. ಅವಳು ಹೂಂ ಅಂದಳು. ಅವರು ಎದ್ದು ಹೋಗಿ, ನಡುಮನೆಯ ಕಿಟಕಿಯ ಬಳಿ ಇದ್ದ ಕಬ್ಬಿಣದ ಮೇಜಿನ ಮೇಲಿನ ಸಾಮಾನನ್ನೆಲ್ಲ ಎತ್ತಿಟ್ಟು ಜಾಗ ಮಾಡಿಕೊಟ್ಟರು.

ವಾರ ಕಳೆಯುವುದರೊಳಗೆ ಬೆಳ್ಳಪ್ಪನ ಫೋನು ಬಂತು. ಬೆಳ್ಳಪ್ಪ ಮಂಡಗದ್ದೆಯ ಕ್ಯಾಮೆರಾಮನ್. ಮೊದಲು ರಾಜೇಂದ್ರನ ಜೊತೆಯೇ ಇದ್ದು, ಈಗ ಸ್ವಂತ ಕ್ಯಾಮೆರಾ ಇಟ್ಟುಕೊಂಡಿದ್ದ. ತೀರ್ಥಹಳ್ಳಿಯ ಸುಚಿತ್ರಾ ಟೀಚರ ಮಗಳು ಸ್ವಾತಿಯ ಮದುವೆಯನ್ನು ಅವನೇ ಶೂಟ್ ಮಾಡಿದ್ದ. ಬೇರೆಯವರು ತೆಗೆದ ಚಿತ್ರವನ್ನು ತಾನು ಮಿಕ್ಸಿಂಗ್ ಮಾಡುವುದಿಲ್ಲ ಎಂದು ರಾಜೇಂದ್ರ ವಾಪಸು ಕಳಿಸಿದ್ದನಂತೆ.

"ಮುಂದಿನ ಭಾನುವಾರ ಬಿಟ್ಟು ಅದರಾಚೆ ಭಾನುವಾರ ರಿಸೆಪ್ಷನ್ ಅಕ್ಕ. ಛತ್ರದ ಹಾಲಲ್ಲಿ ಪರದೆ ಕಟ್ಟಿ ತೋರಿಸ್ಬೇಕಂತೆ. ನೀವು ಮಾಡ್ತೀರಾ?"

"ಮಾಡ್ತೀನಿ," ಅಂದಳು ಹೇಮಾವತಿ. ಹೇಗೆ ಮಾಡುವುದು ಎಂಬ ಯೋಚನೆ ಬಂದದ್ದು ಫೋನು ಇಟ್ಟ ಮೇಲೆ.

ಮರುದಿನ ದುರ್ಗೇಶನ ಬಸ್ಸಿನಲ್ಲೇ ಹಾರ್ಡ್ ಡಿಸ್ಕ್ ಬಂತು. ಅದೂ ಫೋರ್‌ಕೆ ಚಿತ್ರವೇ, ತೆರೆದು ನೋಡಿದರೆ ಓಡುತ್ತಲೇ ಇಲ್ಲ. ಮದುಮಗಳು ಹಾರ ಹಾಕಲೆಂದು ಎತ್ತಿದ ಕೈ ಎತ್ತಿದಂತೆಯೇ ನಿಂತಿತ್ತು. ಪ್ರೊಸೆಸರ್ ಹಳೆಯದಾದರೂ ಗಟ್ಟಿ, ಆದರೆ ಅಷ್ಟು ದೊಡ್ಡ ಚಿತ್ರವನ್ನು ಎಳೆಯಲು ಬೇರೆ ಗ್ರಾಫಿಕ್ಸ್ ಕಾರ್ಡು ಬೇಕಿತ್ತು. ಬೆಳ್ಳಪ್ಪ ತನ್ನ ಸ್ನೇಹಿತನ ಹತ್ತಿರ ಬಿದ್ದಿದ್ದ ಒಂದು ಕಾರ್ಡನ್ನು ಕಳಿಸಿದ. ಅದರ ನೆತ್ತಿಯ ಮೇಲೆ ಆರು ಪಿನ್ನಿನ ಒಂದು ಸಾಕೆಟ್ಟು. ಅದಕ್ಕೆ ಪ್ರತ್ಯೇಕವಾಗಿ ಕರೆಂಟು ಕೊಡಬೇಕು, ಹಳೆಯ ಮೆಷಿನ್ನಿನೊಳಗೆ ಅಂಥ ವೈರೇ ಇಲ್ಲ.

ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯ ಯೋಗರಾಜ್ ಒಂದು ಸಣ್ಣ ಜೋಡಣೆಯ ವೈರು ಕೊಟ್ಟ. ಹಾರ್ಡ್ ಡಿಸ್ಕಿಗೆ ಹೋಗುವ ಕರೆಂಟನ್ನೇ ತಿರುಗಿಸಿ ಕಾರ್ಡಿಗೆ ಕೊಡುವ ವೈರು. ಚಿತ್ರ ಓಡಿತು. ಆದರೆ ಒಂದು ತುಣುಕಿಗೆ ಬಣ್ಣ ಕೂರಿಸಿ ಹೊಸ ವೀಡಿಯೊ ಆಗಿ ಹೊರತೆಗೆಯಲು ಹಚ್ಚಿದ ಐದೇ ನಿಮಿಷಕ್ಕೆ ಮೆಷಿನ್ನು ಫಕ್ಕನೆ ಆರಿಹೋಯಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ಹೂವಪ್ಪ ಪಕ್ಕದ ಮುಚ್ಚಳ ಬಿಚ್ಚಿಸಿ, ಆ ವೈರಿನ ಮೇಲೆ ಬೆರಳಿಟ್ಟು ತಕ್ಷಣ ತೆಗೆದರು.

"ಕಾದಿದೆ ನೋಡು. ಇನ್ನೊಂದು ಸಲ ಹಚ್ಚಿದ್ರೆ ಕರಗುತ್ತೆ. ಕಿತ್ತಾಕು ಇದನ್ನ."

ಯೋಗರಾಜನ ಬಳಿ ಮತ್ತೆ ಹೋದಳು. ಅವನು, "ಹಾಗಾದ್ರೆ ಎಸ್‌ಎಂಪಿಎಸ್ಸೇ ಬದಲಾಯಿಸ್ಬೇಕಕ್ಕ," ಎಂದ. ಗೋಡೆಯಿಂದ ಬರುವ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿ, ಒಂದೊಂದು ಭಾಗಕ್ಕೂ ಹಂಚುವ ತಗಡಿನ ಡಬ್ಬಿ ಅದು. "ಇದು ಐನೂರು ವ್ಯಾಟು. ಕಣ್ಮುಚ್ಚಿ ಹಾಕಿ," ಎಂದು ಬಣ್ಣದ ಪೆಟ್ಟಿಗೆಯೊಂದನ್ನು ಕೈಗಿತ್ತ.

ಹೂವಪ್ಪ ಕಣ್ಣು ಮುಚ್ಚುವವರಲ್ಲ. ಡಬ್ಬಿಯನ್ನು ಅಂಗೈಯಲ್ಲಿ ತೂಗಿ, "ಇದ್ಯಾಕೆ ಇಷ್ಟು ಹಗುರ?" ಎಂದರು. ಕನ್ನಡಕ ಏರಿಸಿ ಮಗ್ಗುಲಿನ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಕಂಪ್ಯೂಟರ್ ಒಳಗೆ ಜಾಸ್ತಿ ಕರೆಂಟು ತಿನ್ನೋದು ಯಾವುದೇ?"

"ಪ್ರೊಸೆಸರ್ರು, ಈ ಕಾರ್ಡು."

"ಅವು ಎಷ್ಟು ವೋಲ್ಟಲ್ಲಿ ತಗೊಳ್ತವೆ?"

ಅವಳು ಫೋನಿನಲ್ಲಿ ಹುಡುಕಿ ಹೇಳಿದಳು, "ಹನ್ನೆರಡು."

"ಹಾಗಾದ್ರೆ ಉಳಿದ ಸಾಲು ಬಿಡು, ಹನ್ನೆರಡು ವೋಲ್ಟಿನ ಸಾಲು ಓದು."

ಓದಿದಳು. ಹದಿನಾಲ್ಕು ಆಂಪ್ಸ್ ಎಂದಿತ್ತು. ಹದಿನಾಲ್ಕನ್ನು ಹನ್ನೆರಡರಿಂದ ಗುಣಿಸಿದಳು. ನೂರಾ ಅರವತ್ತೆಂಟು. ಪೆಟ್ಟಿಗೆಯ ಮೇಲೆ ಮಾತ್ರ ಕೆಂಪು ಅಕ್ಷರದಲ್ಲಿ ಐನೂರು. ಪ್ರೊಸೆಸರಿಗೂ ಕಾರ್ಡಿಗೂ ಸೇರಿಯೇ ಇನ್ನೂರರ ಮೇಲೆ ಬೇಕು ಎಂದು ಅವಳಿಗೆ ಗೊತ್ತಿತ್ತು. ಹೂವಪ್ಪ ಪೆಟ್ಟಿಗೆಯನ್ನು ಅವಳ ಕಡೆ ಸರಿಸಿದರು, ಅಷ್ಟೇ.

ವಾಪಸು ಕೊಡಲು ಹೋದಾಗ ಅಂಗಡಿಯಲ್ಲಿ ರಾಜೇಂದ್ರನೂ ಕೂತಿದ್ದ.

"ಏನಕ್ಕ, ಕೂರಿಸಿ ಆಯ್ತಾ?" ಅಂದ ಯೋಗರಾಜ್.

"ಇಲ್ಲ. ಹನ್ನೆರಡು ವೋಲ್ಟಿನ ಸಾಲು ಓದಿ ನೋಡಿ, ಯೋಗರಾಜಣ್ಣ. ನೂರಾ ಅರವತ್ತೆಂಟು ವ್ಯಾಟ್ ಬಿಟ್ಟು ಮೇಲೆ ಕೊಡಲ್ಲ ಅಂತ ಇದೇ ಹೇಳ್ತಿದೆ. ಐನೂರು ಎಲ್ಲಿಂದ ಬಂತು?"

"ಅದೆಲ್ಲ ಯಾರು ಓದ್ತಾರಕ್ಕ. ಊರಲ್ಲಿ ಎಲ್ರೂ ಇದನ್ನೇ ಹಾಕ್ಸೋದು. ಸುಟ್ಟೋದ್ರೆ ಬೇರೆ ಕೊಡ್ತೀನಿ."

"ಸುಟ್ರೆ ಇದೊಂದೇ ಸುಡುತ್ತಾ? ಬೋರ್ಡು, ಕಾರ್ಡು, ಡಿಸ್ಕಲ್ಲಿರೋ ಒಂದು ಮದುವೆ, ಅದನ್ನೂ ಬೇರೆ ಕೊಡ್ತೀರಾ?"

ರಾಜೇಂದ್ರ ಟೀ ಲೋಟ ಕೆಳಗಿಟ್ಟ. ಅವನ ದನಿಯಲ್ಲಿ ಕನಿಕರ ಇತ್ತು. ಅದೇ ಅವಳಿಗೆ ಹೆಚ್ಚು ಚುಚ್ಚಿದ್ದು.

"ಹೇಮಕ್ಕ, ಎಂತಕ್ಕೆ ಇಷ್ಟೆಲ್ಲ ಒದ್ದಾಟ? ಆ ಮೆಷಿನ್ ಗುಜರಿಗೆ ಹೋಗೋದು. ಸ್ಟುಡಿಯೋಕ್ಕೆ ಬನ್ನಿ, ಆಲ್ಬಂ ಅಂಟಿಸೋಕೆ ಜನ ಬೇಕು. ನಿಮ್ಗೂ ಏನೋ ಒಂದು ಸಂಬಳ ಆಗುತ್ತೆ."

"ಆಲ್ಬಂ ಅಂಟಿಸೋಕೆ ನಾನು ಬರಲ್ಲ. ನಂಗೆ ಮಿಕ್ಸಿಂಗ್ ಕೆಲ್ಸ ಇದೆ. ಸ್ವಾತಿ ಮದುವೇದು."

"ಆ ಮೆಷಿನ್ನಲ್ಲಾ?"

"ಆ ಮೆಷಿನ್ನಲ್ಲೇ."

ದುಡ್ಡು ವಾಪಸಿಲ್ಲ, ಬೇರೆ ಸಾಮಾನು ತಗೊಳ್ಳಿ ಎಂದು ಯೋಗರಾಜ್ ಶುರು ಮಾಡಿದ. ಹೇಮಾವತಿ ಅಲ್ಲಿದ್ದ ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಕೂತಳು. ಪೆಟ್ಟಿಗೆ ತೊಡೆಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಸೊಸೈಟಿಯ ಗುಮಾಸ್ತರೊಬ್ಬರು ಬಂದು, ತಮ್ಮ ಆಫೀಸಿಗೂ ಒಂದು ಎಸ್‌ಎಂಪಿಎಸ್ ಬೇಕು ಎಂದರು. ಯೋಗರಾಜ್ ಅದೇ ಬಣ್ಣದ ಇನ್ನೊಂದು ಪೆಟ್ಟಿಗೆ ಕೆಳಗಿಳಿಸಿದ. ಹೇಮಾವತಿ ದನಿ ಏರಿಸದೆ, "ತಗೊಳ್ಳಿ ಸಾರ್, ಆದ್ರೆ ಮೊದ್ಲು ಈ ಸಾಲು ಓದ್ಕೊಳ್ಳಿ," ಎಂದು ಬೆರಳಿಟ್ಟು ತೋರಿಸಿ, ಲೆಕ್ಕವನ್ನೂ ಹೇಳಿದಳು. ಗುಮಾಸ್ತರು ನಾಳೆ ಬರುವೆನೆಂದು ಹೋದರು. ಎರಡನೇ ಗಿರಾಕಿ ಮೆಟ್ಟಿಲು ಹತ್ತುತ್ತಿರುವಾಗ ಯೋಗರಾಜ್ ಗಲ್ಲಾ ತೆರೆದು ಅವಳ ದುಡ್ಡನ್ನು ಮೇಜಿನ ಮೇಲಿಟ್ಟ.

ಮರುದಿನ ಬೆಳಿಗ್ಗೆ ಗಂಡನ ಬಸ್ಸಿನಲ್ಲೇ ಸಾಗರಕ್ಕೆ ಹೋದಳು. ಅಲ್ಲಿ ಪೇಟೆಯ ಒಂದು ಮಹಡಿಯ ಮೇಲೆ ಧನ್ಯಶ್ರೀ ಎಂಬ ಹೆಣ್ಣುಮಗಳು ರಿಪೇರಿ ಅಂಗಡಿ ಇಟ್ಟಿದ್ದಾಳೆ, ಸರಿಯಾಗಿ ನೋಡಿ ಹೇಳುತ್ತಾಳೆ ಎಂದು ಬೆಳ್ಳಪ್ಪ ಹೇಳಿದ್ದ. ಮೂವತ್ತರ ಒಳಗಿನ ವಯಸ್ಸು. ಬೆಸುಗೆಯ ಕಡ್ಡಿ ಕೈಯಲ್ಲಿ ಹಿಡಿದೇ ಮಾತಾಡುತ್ತಿದ್ದಳು.

"ದೊಡ್ಡದು ಕೊಡಿ," ಅಂದಳು ಹೇಮಾವತಿ. "ಏಳುನೂರೈವತ್ತು ಇದ್ಯಲ್ಲ, ಅದನ್ನೇ ಕೊಡಿ. ಅವರೆಲ್ಲ ಬಾಯಿ ಮುಚ್ಕೊಂಡು ನೋಡ್ಬೇಕು."

ಯಾರೆಲ್ಲ ಎಂದು ಧನ್ಯಶ್ರೀ ಕೇಳಲಿಲ್ಲ. ಒಂದು ಹಾಳೆಯ ಮೇಲೆ ಬರೆಯುತ್ತಾ ಹೋದಳು. ಪ್ರೊಸೆಸರಿಗೆ ಎಂಬತ್ತನಾಲ್ಕು. ಕಾರ್ಡಿಗೆ ನೂರಾ ಇಪ್ಪತ್ತು. ಡಿಸ್ಕು, ಫ್ಯಾನು, ಉಳಿದದ್ದಕ್ಕೆ ಐವತ್ತು.

"ಎಲ್ಲಾ ಒಟ್ಟಿಗೆ ಓಡಿದ್ರೂ ಇನ್ನೂರ ಅರವತ್ತು ದಾಟಲ್ಲ ಅಕ್ಕ. ಗಂಟೆಗಟ್ಲೆ ಓಡೋ ಕೆಲ್ಸ ಅಲ್ವಾ, ಉಸಿರಾಡಕ್ಕೆ ಜಾಗ ಇರ್ಬೇಕು. ಈ ನಾನೂರೈವತ್ತು ಸಾಕು. ಇದರ ಹನ್ನೆರಡು ವೋಲ್ಟಲ್ಲಿ ಮೂವತ್ತಾರು ಆಂಪ್ಸ್ ಇದೆ, ಕಾರ್ಡಿಗೆ ಇದರದ್ದೇ ವೈರಿದೆ, ಐದು ವರ್ಷ ಗ್ಯಾರಂಟಿ. ಏಳುನೂರೈವತ್ತು ಮಾರಿದ್ರೆ ನಂಗೇ ಲಾಭ. ಆದ್ರೆ ನಿಮ್ಗೆ ಬೇಡ."

ಹೇಮಾವತಿ ಡಬ್ಬಿಯನ್ನು ಮಾವನಂತೆಯೇ ಅಂಗೈಯಲ್ಲಿ ತೂಗಿದಳು. ಕೈ ಕೆಳಗೆ ಹೋಯಿತು. ಬೆಲೆ ಯೋಗರಾಜನದಕ್ಕಿಂತ ಮೂರು ಪಟ್ಟು. ಆದರೂ ಪರ್ಸಿನ ಜಿಪ್ ಎಳೆದಳು.

"ತಡೀರಿ, ನಿಮ್ಮದು ಕಂಪನಿ ಮೆಷಿನ್ನಾ? ಮದರ್‌ಬೋರ್ಡಿಗೆ ಹೋಗೋ ದೊಡ್ಡ ವೈರಲ್ಲಿ ಎಷ್ಟು ಪಿನ್ನು, ಎಣಿಸ್ಕೊಂಡು ಬಂದ್ರಾ?"

ಎಣಿಸಿರಲಿಲ್ಲ. ಮಾವನಿಗೆ ಫೋನು ಮಾಡಿದಳು. ಆ ಕಡೆಯಿಂದ ಸ್ಕ್ರೂ ತಿರುಗಿಸುವ ಸದ್ದು, ತಗಡಿನ ಸದ್ದು, ಒಂದು ಬೈಗುಳ ಕೇಳಿದವು. ಆಮೇಲೆ ಹೂವಪ್ಪ ಹೇಳಿದರು, "ಮೇಲೆ ನಾಲ್ಕು, ಕೆಳಗೆ ನಾಲ್ಕು. ಎಂಟೇ."

ಹೊಸ ಡಬ್ಬಿಯ ವೈರಿನ ತುದಿಯಲ್ಲಿ ಇಪ್ಪತ್ತನಾಲ್ಕು ಪಿನ್ನು. ಕೆಲವು ಕಂಪನಿಗಳು ತಮ್ಮ ಮೆಷಿನ್ನಿಗೆ ತಮ್ಮದೇ ಅಳತೆ ಇಟ್ಟುಕೊಳ್ಳುತ್ತವೆ, ನಡುವೆ ಒಂದು ಕನ್ವರ್ಟರ್ ಕೇಬಲ್ ಬೇಕು, ತನ್ನ ಹತ್ತಿರ ಸದ್ಯ ಇಲ್ಲ, ತರಿಸಿದರೆ ಗುರುವಾರ ಬರುತ್ತದೆ ಎಂದು ಧನ್ಯಶ್ರೀ ವಿವರಿಸಿದಳು. ಅಂದು ಶನಿವಾರ. ರಿಸೆಪ್ಷನ್ನಿಗೆ ಉಳಿದದ್ದು ಎಂಟು ದಿನ.

"ತರ್ಸಿ," ಅಂದಳು ಹೇಮಾವತಿ. "ಅಲ್ಲಿವರ್ಗೆ ನಾನು ಸುಮ್ನೆ ಕೂರಲ್ಲ."

ಕೂರಲಿಲ್ಲ. ಎಲ್ಲ ಚಿತ್ರಗಳ ಚಿಕ್ಕ ನಕಲು ಮಾಡಿಕೊಂಡಳು. ಆ ನಕಲುಗಳನ್ನು ಹಳೇ ಮೆಷಿನ್ನು ಕಾರ್ಡಿಲ್ಲದೆಯೂ ಎಳೆಯುತ್ತಿತ್ತು. ಕತ್ತರಿಸುವುದು, ಜೋಡಿಸುವುದು ಎಲ್ಲ ಅದರಲ್ಲೇ. ಕೊನೆಗೆ ಪೂರ್ತಿ ಗಾತ್ರದಲ್ಲಿ ಬಣ್ಣ ಕೂರಿಸಿ ಹೊರತೆಗೆಯುವಾಗ ಮಾತ್ರ ಕಾರ್ಡು ಬೇಕು.

ಹಾಗೆ ಕತ್ತರಿಸುತ್ತಿದ್ದಾಗಲೇ ಧಾರೆಯ ಚಿತ್ರ ಎದುರಾಯಿತು. ಸುಚಿತ್ರಾ ಟೀಚರಿಗೆ ಗಂಡ ಇಲ್ಲ. ಸ್ವಾತಿ ಮೂರು ವರ್ಷದವಳಿದ್ದಾಗಿಂದ ಒಬ್ಬರೇ ಸಾಕಿದವರು. ಧಾರೆಯ ಹೊತ್ತಿಗೆ ಸ್ವಾತಿಯ ದೊಡ್ಡಪ್ಪ ಸುಬ್ಬಪ್ಪ ಬಂದು ಕಿವಿಯಲ್ಲಿ ಏನೋ ಹೇಳಿದ್ದು, ಟೀಚರ್ ತಲೆ ತಗ್ಗಿಸಿ ಮಂಟಪ ಇಳಿದು ಕಂಬದ ಹಿಂದೆ ನಿಂತದ್ದು, ಎಲ್ಲ ಬೆಳ್ಳಪ್ಪನ ಕ್ಯಾಮೆರಾದಲ್ಲಿತ್ತು. ಆಮೇಲೆ ಸ್ವಾತಿ ಎದ್ದಳು. ಬಾಸಿಂಗ ಕಟ್ಟಿಕೊಂಡೇ ಮೆಟ್ಟಿಲಿಳಿದು ಹೋಗಿ, ಅಮ್ಮನ ಕೈ ಹಿಡಿದು ಎಳೆದು ತಂದು ತನ್ನ ಪಕ್ಕ ನಿಲ್ಲಿಸಿಕೊಂಡಳು. ಪುರೋಹಿತರು ತಡೆದು ನಿಂತರು, ಅತ್ತಿತ್ತ ನೋಡಿದರು, ಮತ್ತೆ ಮಂತ್ರ ಮುಂದುವರಿಸಿದರು. ಟೀಚರ ಕೈಯಿಂದಲೇ ಧಾರೆ ನಡೆಯಿತು.

ಹೇಮಾವತಿ ಅದನ್ನು ನಾಲ್ಕು ಸಲ ನೋಡಿದಳು. ಸ್ಟುಡಿಯೋದಲ್ಲಿ ಇಂಥದ್ದು ಬಂದಾಗೆಲ್ಲ ರಾಜೇಂದ್ರ, "ರಗಳೆ ಬೇಡ, ತೆಗೀರಿ," ಅನ್ನುತ್ತಿದ್ದ. ಅವಳು ತೆಗೆಯುತ್ತಿದ್ದಳು. ಎಷ್ಟು ತೆಗೆದಿದ್ದೇನೋ ಎಂದು ನೆನೆದರೆ ಈಗ ಕೈ ಭಾರವಾಗುತ್ತಿತ್ತು.

ಬುಧವಾರ ಸುಬ್ಬಪ್ಪನೇ ಫೋನು ಮಾಡಿದ. "ನಮ್ಮ ಸ್ವಾತಿ ಮದುವೆ ವೀಡಿಯೊ ನೀವು ಮಾಡ್ತಿರೋದಂತೆ. ಧಾರೆ ಟೈಮಲ್ಲಿ ಸ್ವಲ್ಪ ಗಡಿಬಿಡಿ ಆಗಿದೆ. ಅದೊಂದು ಎರಡು ನಿಮಿಷ ತೆಗ್ದುಬಿಡಿ ತಂಗಿ. ಬೀಗರೆಲ್ಲ ಕೂತು ನೋಡೋದು."

"ಸ್ವಾತಿಯವ್ರು ಹೇಳ್ಲಿ, ತೆಗೀತೀನಿ."

"ಅವಳನ್ನ ಎಂತ ಕೇಳದು. ಮನೆ ಹಿರಿಯ ನಾನು ಹೇಳ್ತಿದೀನಲ್ಲ."

"ಕೆಲ್ಸ ಕೊಟ್ಟಿರೋದು ಅವ್ರು. ನೀವು ಹಿರಿಯರು, ನಾನು ಎದುರು ಮಾತಾಡಲ್ಲ. ಆದ್ರೆ ತೆಗೆಯೋದೂ ಇಲ್ಲ."

ಫೋನು ಇಟ್ಟವಳೇ ಸ್ವಾತಿಗೆ ತಾನೇ ಫೋನು ಮಾಡಿ ವಿಷಯ ಹೇಳಿದಳು. ಸ್ವಾತಿ, "ಉಳಿದಿದ್ದು ಏನು ಬೇಕಾದ್ರೂ ತೆಗೀರಿ ಅಕ್ಕ, ಅದೊಂದು ಬಿಟ್ಟು," ಅಂದಳು.

ಗುರುವಾರ ಕೇಬಲ್ ಬಂತು. ಹೇಮಾವತಿ ಹಳೆಯ ಡಬ್ಬಿಯ ಸ್ಕ್ರೂ ಬಿಚ್ಚಿ ಈಚೆ ತೆಗೆದು ಹೊಸದನ್ನು ಕೂರಿಸಿದಳು. ಎಂಟು ಪಿನ್ನು ಟಕ್ಕೆಂದು ಕೂತವು. ಕಾರ್ಡಿಗೆ ಅದರದ್ದೇ ವೈರು. ಇನ್ನು ಸ್ವಿಚ್ ಒತ್ತಬೇಕು ಎನ್ನುವಾಗ ಹೂವಪ್ಪ ಕೈ ಅಡ್ಡ ಹಿಡಿದರು. ಟೆಸ್ಟ್ ಲ್ಯಾಂಪ್ ಹಿಡಿದು ಗೋಡೆಯ ಪ್ಲಗ್ಗನ್ನು ನೋಡಿದರು.

"ಅರ್ಥಿಂಗೇ ಇಲ್ಲ ಇದಕ್ಕೆ. ಊರಿಗೆಲ್ಲ ಲೈನ್ ಎಳೆದೋನ ಮನೇಲಿ ಇಂಥ ಪ್ಲಗ್ಗು," ಎಂದು ತಮ್ಮನ್ನೇ ಬೈದುಕೊಂಡರು. ಆ ಮಧ್ಯಾಹ್ನವೆಲ್ಲ ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪು ಇಳಿಸಿ, ತಂತಿ ಎಳೆದು ತಂದರು. ಎಪ್ಪತ್ತರ ಮೇಲಿನ ವಯಸ್ಸು. ಸಹಾಯಕ್ಕೆ ಹೋದ ಸೊಸೆಯನ್ನು, "ನಿನ್ನ ಕೆಲ್ಸ ನೀನು ಮಾಡು," ಎಂದು ಅಟ್ಟಿದರು.

ಶುಕ್ರವಾರವೆಲ್ಲ ಬಣ್ಣ ಕೂರಿಸಿದಳು. ಮದುಮಗಳ ಕೈ ಈಗ ನಿಲ್ಲದೆ ಹಾರ ಹಾಕಿತು. ಶನಿವಾರ ಬೆಳಿಗ್ಗೆ ಹೂವಪ್ಪ ತಮ್ಮ ಕೈಕೆಳಗೆ ಕೆಲಸ ಕಲಿತಿದ್ದ ಲೈನ್‌ಮನ್ ಭೂತಪ್ಪನಿಗೆ ಫೋನು ಹಚ್ಚಿ, ಇವತ್ತು ಎಲ್ಲಾದರೂ ಲೈನ್ ಆಫ್ ಮಾಡುವುದುಂಟಾ ಎಂದು ವಿಚಾರಿಸಿದರು. ಕೊಂಬೆ ಕಡಿಯುವುದಿದೆ, ಮೂರು ಗಂಟೆಯಿಂದ ಎಂದು ಉತ್ತರ ಬಂತು.

"ಮೂರರೊಳಗೆ ಮುಗಿಯುತ್ತಾ?"

"ನೋಡ್ಬೇಕು ಮಾವ. ಇಷ್ಟು ಹೊತ್ತು ಇದನ್ನ ಓಡಿಸೇ ಇಲ್ಲ."

ಹತ್ತಕ್ಕೆ ಪೂರ್ತಿ ಚಿತ್ರವನ್ನು ಹೊರತೆಗೆಯಲು ಹಚ್ಚಿದಳು. ಫ್ಯಾನುಗಳು ಒಮ್ಮೆ ಗುಯ್ಯೆಂದು ಏರಿ, ಆಮೇಲೆ ಒಂದೇ ಹದದಲ್ಲಿ ನಿಂತವು. ಐದು ನಿಮಿಷ ಆಯಿತು. ಹಿಂದೆ ಆರಿಹೋಗುತ್ತಿದ್ದ ಜಾಗ ಅದು. ಹೇಮಾವತಿ ಪರದೆಯನ್ನೇ ನೋಡಿದಳು. ಆರು, ಏಳು, ಹತ್ತು ನಿಮಿಷ. ಹೂವಪ್ಪ ಕುರ್ಚಿ ತಂದು ಪಕ್ಕದಲ್ಲಿ ಕೂತು, ನಡುನಡುವೆ ಡಬ್ಬಿಯ ಹಿಂದೆ ಅಂಗೈ ಹಿಡಿದು ಗಾಳಿಯ ಬಿಸಿ ನೋಡುತ್ತಿದ್ದರು. ಹನ್ನೆರಡೂವರೆಗೆ ಅರ್ಧ ದಾಟಿತ್ತು. ಇಬ್ಬರೂ ಅಲ್ಲೇ ಕೂತು ಊಟ ಮಾಡಿದರು. ಮಧ್ಯಾಹ್ನ ಎರಡು ನಲವತ್ತಕ್ಕೆ, ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಪಟ್ಟಿ ತುಂಬಿತು. ಡಿಸ್ಕಿಗೆ ನಕಲು ಮಾಡಿ, ಮೆಷಿನ್ನು ಆಫ್ ಮಾಡಿ, ಅವಳು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಸೀಲಿಂಗ್ ಫ್ಯಾನು ನಿಧಾನವಾಗುತ್ತಾ ನಿಂತಿತು.

ಭಾನುವಾರ ತೀರ್ಥಹಳ್ಳಿಯ ಛತ್ರದ ಹಾಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಗಂಡಿನ ಕಡೆಯವರು ಫೋಟೋ ತೆಗೆಯಲು ಕರೆಸಿದ್ದು ರಾಜೇಂದ್ರನನ್ನು. ಹೇಮಾವತಿಯನ್ನು ಕಂಡು ಅವನು ಹುಬ್ಬೇರಿಸಿದ. ಅವಳು ಮಾವನನ್ನು ಕರೆದುಕೊಂಡು ಹಿಂದಿನ ಸಾಲಿನಲ್ಲಿ ಕೂತಳು.

ಚಿತ್ರ ಶುರುವಾದಾಗ ಜನ ತಮ್ಮ ತಮ್ಮ ಮುಖ ಹುಡುಕಿಕೊಂಡು ನಗುತ್ತಿದ್ದರು. ಧಾರೆ ಬಂತು. ಹೇಮಾವತಿ ಅಲ್ಲಿ ಹಾಡು ಹಾಕಿರಲಿಲ್ಲ. ಮಂಟಪದ ಸದ್ದನ್ನೇ ಬಿಟ್ಟಿದ್ದಳು. ಟೀಚರ್ ಕಂಬದ ಹಿಂದೆ ಸರಿದರು, ಮಗಳು ಇಳಿದು ಬಂದಳು, ಬಳೆಗಳ ಸದ್ದು, "ಬಾ ಅಮ್ಮ" ಎಂಬ ಎರಡೇ ಮಾತು. ಜನರ ನಗು ನಿಂತಿತು. ಮುಂದಿನ ಸಾಲಿನಲ್ಲಿದ್ದ ಸುಬ್ಬಪ್ಪ ತಲೆ ತಗ್ಗಿಸಿ ಉಂಗುರ ತಿರುಗಿಸುತ್ತಿದ್ದ. ಗಂಡಿನ ಅಜ್ಜಿ ಜಲಜಮ್ಮ ಊರುಗೋಲು ಊರಿ ಎದ್ದು ಹೋಗಿ, ಸುಚಿತ್ರಾ ಟೀಚರ ಪಕ್ಕದ ಕುರ್ಚಿಯಲ್ಲಿ ಕೂತು ಅವರ ಕೈ ಹಿಡಿದುಕೊಂಡರು. ಚಿತ್ರ ಮುಂದೆ ಹೋಯಿತು. ಕಟ್ಟಕಡೆಗೆ ಕಪ್ಪು ಪರದೆಯ ಮೇಲೆ ಬೆಳ್ಳಪ್ಪನ ಹೆಸರು, ಅದರ ಕೆಳಗೆ ಮಿಕ್ಸಿಂಗ್, ಹೇಮಾವತಿ, ಹೊಸನಗರ ಎಂದು ಬಂತು.

ಊಟಕ್ಕೆ ಏಳುವಾಗ ರಾಜೇಂದ್ರ ಹತ್ತಿರ ಬಂದ.

"ಯಾವ ಸಿಸ್ಟಂನಲ್ಲಿ ಮಾಡಿದ್ರಿ, ಹೇಮಕ್ಕ?"

"ನೀವು ಕೊಟ್ಟಿದ್ದರಲ್ಲೇ."

ಅವನು ನಂಬಲಿಲ್ಲ ಎಂದು ಮುಖವೇ ಹೇಳುತ್ತಿತ್ತು. "ಆ ಶಿವಮೊಗ್ಗದವ್ನು ಕೈ ಕೊಡ್ತಿದಾನೆ. ನಾಲ್ಕು ಮದುವೆ ಬಾಕಿ ಇದೆ. ಸೋಮವಾರ ಬನ್ನಿ, ಹೊಸ ಸಿಸ್ಟಂ ನಿಮ್ಗೇ ಬಿಟ್ಕೊಡ್ತೀನಿ."

"ಸೋಮವಾರ ಆಗಲ್ಲ. ಬೆಳ್ಳಪ್ಪಂದು ಇನ್ನೆರಡು ಬುಕಿಂಗ್ ಇದೆ. ನಿಮ್ದು ಅರ್ಜೆಂಟಿದ್ರೆ ಡಿಸ್ಕು ಮನೆಗೆ ಕಳ್ಸಿ, ಸಾಲಲ್ಲಿ ಇಟ್ಕೊಳ್ತೀನಿ. ಸ್ಟುಡಿಯೋಕ್ಕೆ ಬಂದು ಕೂರಲ್ಲ. ಇನ್ನೊಂದು, ಯಾವುದು ತೆಗೀಬೇಕು ಯಾವುದು ಇಡ್ಬೇಕು ಅಂತ ಮದುವೆ ಆದವ್ರನ್ನ ಕೇಳಿ ಮಾಡ್ತೀನಿ. ನಿಮ್ಮನ್ನ ಕೇಳಿ ಅಲ್ಲ."

ಅಷ್ಟರಲ್ಲಿ ಸುಚಿತ್ರಾ ಟೀಚರ್ ಜನರ ನಡುವೆ ದಾರಿ ಮಾಡಿಕೊಂಡು ಬಂದು, ಹೇಮಾವತಿಯ ರಟ್ಟೆ ಹಿಡಿದರು. "ಇಲ್ಲಿ ನಿಂತು ಎಂತ ಮಾಡ್ತಿದೀರಿ? ಎಲೆ ಹಾಕಿಸಿದೀನಿ, ಬನ್ನಿ. ಮಾವನವ್ರನ್ನೂ ಕರೀರಿ," ಎಂದು ಇಬ್ಬರನ್ನೂ ಬೀಗರ ಪಂಕ್ತಿಗೇ ಕರೆದೊಯ್ದು ಕೂರಿಸಿದರು.